ಮೆಡಿಕಲ್ ಎಂಟ್ರೆನ್ಸ್ ಓದು, ಪ್ರಾರ್ಥನೆ, ಮನೆ, ಚರ್ಚ್: ಎಲ್ಲಾನೂ ಒಟ್ಟಿಗೆ ನಡೆಸೋದು ಹೇಗೆ

ಮೊದಲು ಒಂದು ಸೀನ್ ಹೇಳ್ತೀನಿ. ಬೆಳಗ್ಗೆ ನಾಲ್ಕೂವರೆ, ಅಲಾರಂ ಮೂರನೇ ಸಲ ಹೊಡ್ಕೊಳ್ತಿದೆ, ತೊಡೆ ಮೇಲೆ ಬೈಬಲ್ ತೆರೆದಿದೆ, ಅದರೊಳಗೆ ಗುರುತಿಗೆ ಅಂತ ಸಿಕ್ಕಿಸಿರೋದು ಬಯಾಲಜಿ ಪಾಠದ ಕ್ರೆಬ್ಸ್ ಸೈಕಲ್ ಬರ್ಕೊಂಡಿರೋ ಫ್ಲ್ಯಾಶ್ ಕಾರ್ಡ್, ಕಣ್ಣು ಯೋಬನ ಪುಸ್ತಕದ ಮೇಲೆ, ತಲೆ ಒಳಗೆ ಸಿಟ್ರೇಟ್, ಐಸೋಸಿಟ್ರೇಟ್, ಆಲ್ಫಾ ಕೀಟೋಗ್ಲುಟರೇಟ್. ಐದೂವರೆಗೆ ಎಚ್ಚರ ಆದಾಗ ನೋಡಿದ್ರೆ ಯೋಬನ ಮೂರನೇ ಅಧ್ಯಾಯದ ಮೇಲೆ ನನ್ನ ಜೊಲ್ಲು. ಪ್ರಾರ್ಥನೆನೂ ಆಗಿಲ್ಲ, ಓದೂ ಆಗಿಲ್ಲ, ನಿದ್ದೇನೂ ಸರಿ ಆಗಿಲ್ಲ, ಇಡೀ ದಿನ ಮನಸ್ಸಲ್ಲಿ ಒಂದೇ ಗಿಲ್ಟ್, ದೇವರಿಗೆ ಮೋಸ ಮಾಡ್ದೆ ಅಂತ ಅರ್ಧ, ಸಿಲೆಬಸ್‌ಗೆ ಮೋಸ ಮಾಡ್ದೆ ಅಂತ ಇನ್ನರ್ಧ.

ಹೀಗೆ ಸುಮಾರು ಎಂಟು ತಿಂಗಳು ನಡೀತು, ಮೊದಲನೇ ಅಟೆಂಪ್ಟ್ ಹೋಯ್ತು. ಎರಡನೇ ಸಲ ಏನೇನು ಬದಲಾಯಿಸ್ದೆ ಅನ್ನೋದೇ ಈ ಬರಹ. ನನಗೆ ಅರ್ಥ ಆಗಿದ್ದು ಇಷ್ಟೇ: ನಾನು ದೇವರನ್ನ ಟೈಮ್‌ಟೇಬಲ್‌ನಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಆದ್ಮೇಲೆ ನಾಲ್ಕನೇ ಸಬ್ಜೆಕ್ಟ್ ಮಾಡಿಟ್ಟಿದ್ದೆ, ಅದಕ್ಕೂ ಟಾರ್ಗೆಟ್, ಅದರಲ್ಲೂ ಬ್ಯಾಕ್‌ಲಾಗ್. ಅದನ್ನ ಬಿಟ್ಟ ಮೇಲೆ ಎರಡೂ ಹಗುರ ಆಯ್ತು.

ಸ್ಟೆಪ್ 1: ಒಂದು ವಾರ ಏನೂ ಬದಲಾಯಿಸ್ಬೇಡಿ, ಬರೀ ಬರ್ಕೊಳ್ಳಿ

ವಾರಕ್ಕೆ 168 ಗಂಟೆ. ರಾತ್ರಿಗೆ ಏಳೂವರೆ ಗಂಟೆ ನಿದ್ದೆ ಅಂದ್ರೆ 52 ಚಿಲ್ಲರೆ ಹೋಯ್ತು, ಉಳಿಯೋದು 115. ಕ್ಲಾಸು, ಓಡಾಟ, ಊಟ, ಸ್ನಾನ, ಮನೆ ಕೆಲಸ, ಚರ್ಚು, ಫೋನು, ಎಲ್ಲಾನೂ ಅರ್ಧರ್ಧ ಗಂಟೆ ಲೆಕ್ಕದಲ್ಲಿ ಒಂದು ನೋಟ್‌ಬುಕ್ಕಲ್ಲಿ ಇದ್ದಿದ್ದು ಇದ್ದಂಗೇ ಬರೀರಿ, ಯಾರಿಗೂ ತೋರಿಸೋದಲ್ಲ ಅದು. ನಾನು ಬರೆದಾಗ ಗೊತ್ತಾಗಿದ್ದು ಏನಂದ್ರೆ, ಚರ್ಚಿಂದ ಓದು ಹಾಳಾಗ್ತಿದೆ ಅಂತ ನಾನು ಅಂದ್ಕೊಂಡಿದ್ದು ಸುಳ್ಳು, ಚರ್ಚಿಗೆ ಹೋಗ್ತಿದ್ದಿದ್ದು ವಾರಕ್ಕೆ ಏಳು ಗಂಟೆ, ಫೋನ್ ಹಿಡ್ಕೊಂಡು ಟಾಪರ್‌ಗಳ ವೀಡಿಯೋ ನೋಡಿದ್ದು ಹದಿನಾಲ್ಕು ಗಂಟೆ. ಓದೋದು ಹೇಗೆ ಅಂತ ನೋಡ್ತಾ ಕೂತು ಓದೋದನ್ನೇ ಬಿಟ್ಟಿದ್ದೆ. ಇದನ್ನ ನೋಡದೆ ಮುಂದಿನ ಸ್ಟೆಪ್‌ಗೆ ಹೋಗ್ಬೇಡಿ ಪ್ಲೀಸ್, ಯಾಕಂದ್ರೆ ಯಾವ್ದು ಬಿಡ್ಬೇಕು ಅನ್ನೋ ಪ್ರಶ್ನೆ ಬಂದಾಗ ಎಲ್ಲರೂ ಮೊದಲು ಕೈ ಹಾಕೋದು ಪ್ರಾರ್ಥನೆಗೆ, ಆಮೇಲೆ ನಿದ್ದೆಗೆ.

ಸ್ಟೆಪ್ 2: ಪ್ರಾರ್ಥನೆ ಚಿಕ್ಕದಿರ್ಲಿ, ಆದ್ರೆ ಜಾಗ ಗಟ್ಟಿ ಇರ್ಲಿ

ನಾಲ್ಕೂವರೆಗೆ ಎದ್ದು ಒಂದು ಗಂಟೆ ಪ್ರಾರ್ಥನೆ ಮಾಡೋರು ಇದ್ದಾರೆ, ಮಾಡ್ಲಿ, ಅವರು ರಾತ್ರಿ ಒಂಬತ್ತಕ್ಕೆ ಮಲಗಿರ್ತಾರೆ. ಹನ್ನೆರಡೂವರೆ ತನಕ ಆರ್ಗ್ಯಾನಿಕ್ ಕೆಮಿಸ್ಟ್ರಿ ಮಾಡಿರೋ ನೀವು ಅವರನ್ನ ಕಾಪಿ ಹೊಡೆಯೋಕೆ ಹೋದ್ರೆ ನನ್ನ ಥರ ಜೊಲ್ಲೇ ಗತಿ.

ಹದಿನೈದು ನಿಮಿಷ ಸಾಕು. ಅದನ್ನ ಗಡಿಯಾರಕ್ಕೆ ಕಟ್ಟಬೇಡಿ, ದಿನಾ ತಪ್ಪದೆ ಮಾಡೋ ಯಾವುದಾದ್ರೂ ಕೆಲಸಕ್ಕೆ ಕಟ್ಟಿ. ನಂದು ಹಲ್ಲುಜ್ಜಿದ ತಕ್ಷಣ, ಫೋನ್ ಮುಟ್ಟೋಕೆ ಮುಂಚೆ. ಆರು ಗಂಟೆಗೆ ಎದ್ದ ದಿನಾನೂ ಅದೇ, ಏಳೂವರೆಗೆ ಎದ್ದ ದಿನಾನೂ ಅದೇ. ಮಾರ್ಕನ ಸುವಾರ್ತೆ 1:35ರಲ್ಲಿ ಯೇಸು ಇನ್ನೂ ಕತ್ತಲಿರುವಾಗ್ಲೇ ಎದ್ದು ಒಬ್ಬನೇ ಹೋಗಿ ಪ್ರಾರ್ಥನೆ ಮಾಡೋದನ್ನ ಎಲ್ಲರೂ ತೋರಿಸ್ತಾರೆ, ಅದರ ಹಿಂದಿನ ಸಾಯಂಕಾಲ ಊರಿಗೆ ಊರೇ ಬಾಗಿಲಲ್ಲಿ ರೋಗಿಗಳನ್ನ ತಂದು ನಿಲ್ಲಿಸಿತ್ತು ಅನ್ನೋದನ್ನ ಯಾರೂ ಹೇಳಲ್ಲ. ಕೆಲಸ ತಲೆ ಮೇಲೆ ಬಿದ್ದಿದ್ದಾಗ್ಲೇ ಅವನು ಪಕ್ಕಕ್ಕೆ ಹೋಗಿದ್ದು. ನಮಗೆ ಬೇಕಾಗಿರೋದು ಆ ಪಕ್ಕಕ್ಕೆ ಹೋಗೋದು, ಗಂಟೆ ಎಷ್ಟು ಅನ್ನೋದಲ್ಲ.

ಓದೋಕೆ ಏನು ತಗೊಳ್ಳೋದು? ವರ್ಷದಲ್ಲಿ ಇಡೀ ಬೈಬಲ್ ಮುಗಿಸೋ ಪ್ಲ್ಯಾನ್ ಈ ವರ್ಷ ಬೇಡ ಅಂತ ನನ್ನ ಸಲಹೆ, ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬರೋ ಹೊತ್ತಿಗೆ ಹತ್ತು ದಿನ ಬಾಕಿ ಬಿದ್ದಿರುತ್ತೆ, ಆಮೇಲೆ ಅದೂ ಒಂದು ಪೆಂಡಿಂಗ್ ಚಾಪ್ಟರ್. ಮಾರ್ಕ 16 ಅಧ್ಯಾಯ, ನಾಲ್ಕೂ ಸುವಾರ್ತೆ ಸೇರಿಸಿದ್ರೆ 89, ದಿನಕ್ಕೊಂದು ಓದಿದ್ರೂ ಮೂರು ತಿಂಗಳು. ಕೀರ್ತನೆಗಳು 150, ದಿನಕ್ಕೊಂದು ಅಂದ್ರೆ ಐದು ತಿಂಗಳು. ಓದಿದ್ದರಲ್ಲಿ ಒಂದು ಸಾಲು ಹಿಡ್ಕೊಂಡು ಹೊರಡಿ, ಬಸ್ಸಲ್ಲಿ, ಲೈನಲ್ಲಿ ನಿಂತಾಗ ಅದನ್ನೇ ಮೆಲುಕು ಹಾಕಿ.

ಇನ್ನೊಂದು, ಪ್ರಾರ್ಥನೆಲಿ ಸುಳ್ಳು ಹೇಳ್ಬೇಡಿ. ಕರ್ತನೇ ನಿನ್ನ ಚಿತ್ತವೇ ಆಗಲಿ ಅಂತ ಬಾಯಲ್ಲಿ ಅಂದು ಒಳಗೊಳಗೇ ಸೀಟ್ ಕೊಡದಿದ್ರೆ ಮಾತಾಡಿಸಲ್ಲ ಅನ್ಕೊಳ್ಳೋದಕ್ಕಿಂತ, ನನಗೆ ಭಯ ಆಗ್ತಿದೆ, ಫಿಸಿಕ್ಸ್ ಅಂದ್ರೆ ಹೊಟ್ಟೆ ತೊಳಸುತ್ತೆ, ಆ ಇನ್ನೊಬ್ಬ ಹುಡುಗನ ಮಾರ್ಕ್ಸ್ ನೋಡಿ ಉರೀತು ಅಂತ ನೇರವಾಗಿ ಹೇಳೋದು ಮೇಲು. ಕೀರ್ತನೆಗಳಲ್ಲಿ ಅಳು, ಗೋಳು, ಸಿಟ್ಟು ಎಲ್ಲಾ ಇದೆ. ನಾವೇನು ದಾವೀದನಿಗಿಂತ ಸಭ್ಯರಾ.

ರಾತ್ರಿ ಮಲಗೋ ಮುಂಚೆ ಐದು ನಿಮಿಷ ದಿನಾನ ಹಿಂದಕ್ಕೆ ತಿರುಗಿ ನೋಡೋ ಅಭ್ಯಾಸ ಇದೆ, ಕ್ಯಾಥೊಲಿಕ್ ಸಂತ ಲೊಯೋಲಾದ ಇಗ್ನೇಷಿಯಸ್ 16ನೇ ಶತಮಾನದಲ್ಲಿ ಕಲಿಸಿದ್ದು, ಕ್ಯಾಥೊಲಿಕ್ ಅಲ್ಲದಿದ್ರೂ ಮಾಡ್ಬಹುದು. ಯಾವ್ದಕ್ಕೆ ಥ್ಯಾಂಕ್ಸ್, ಎಲ್ಲಿ ಎಡವಿದೆ, ನಾಳೆಗೆ ಏನು ಬೇಕು, ಮೂರೇ ಪ್ರಶ್ನೆ. ನಾನು ಇದನ್ನೇ ಓದಿಗೂ ಸೇರಿಸ್ಕೊಂಡೆ: ಇವತ್ತು ಯಾವ ಟಾಪಿಕ್ ನಿಜವಾಗ್ಲೂ ಬಂತು, ಯಾವ್ದು ಬಂದಂಗೆ ನಾಟಕ ಆಡ್ದೆ. ಎರಡನೇದು ಒಪ್ಕೊಳ್ಳೋಕೆ ಪಾಪನಿವೇದನೆಗಿಂತ ಕಷ್ಟ.

ಸ್ಟೆಪ್ 3: ಓದೋದನ್ನ ಸರಿಯಾಗಿ ಓದಿ

ಇದು ಭಕ್ತಿ ಬರಹ, ಇಲ್ಲಿ ಸ್ಟಡಿ ಟೆಕ್ನಿಕ್ ಯಾಕೆ ಅನ್ಬೇಡಿ. ಸರಿಯಾಗಿ ಓದಿದ್ರೆ ಆರು ಗಂಟೆಲಿ ಆಗೋದನ್ನ ಹನ್ನೊಂದು ಗಂಟೆ ಎಳೆದಾಡೋದ್ರಿಂದಾನೇ ಚರ್ಚಿಗೆ ಟೈಮ್ ಇಲ್ಲ, ಅಮ್ಮನ ಜೊತೆ ಮಾತಾಡೋಕೆ ಟೈಮ್ ಇಲ್ಲ ಅನ್ನೋ ಪರಿಸ್ಥಿತಿ ಬರೋದು.

ಹೈಲೈಟರ್ ಹಿಡ್ಕೊಂಡು ಮತ್ತೆ ಮತ್ತೆ ಓದೋದು ಸುಖ ಕೊಡುತ್ತೆ, ನೆನಪು ಕೊಡಲ್ಲ. ರೋಡಿಗರ್ ಮತ್ತೆ ಕಾರ್ಪಿಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ, ಒಂದು ಗುಂಪು ಪಾಠ ಮತ್ತೆ ಓದ್ತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿಂದ ಬರೀತು, ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದೋರೇ ಮುಂದೆ, ಒಂದು ವಾರ ಬಿಟ್ಟು ಕೇಳಿದಾಗ ನೆನಪಿಂದ ಬರೆದೋರು ಮುಂದೆ. ನಮ್ಮ ಎಕ್ಸಾಮ್ ಐದು ನಿಮಿಷ ಬಿಟ್ಟು ಇರಲ್ಲ ತಾನೇ. ಹಾಗಾಗಿ ಒಂದು ಟಾಪಿಕ್ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ಮೇಲೆ ಬರೀರಿ, ತಪ್ಪಿದ್ದನ್ನ ಮಾತ್ರ ಮತ್ತೆ ನೋಡಿ, ಮರುದಿನ, ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು ಅದನ್ನೇ ಮತ್ತೆ.

ವಿಮೋಚನಕಾಂಡ 16ರಲ್ಲಿ ಮನ್ನ, ಅಂದ್ರೆ ಅರಣ್ಯದಲ್ಲಿ ದೇವರು ದಿನದಿನಕ್ಕೆ ಕೊಡ್ತಿದ್ದ ಆಹಾರ, ಅದನ್ನ ಕೂಡಿಟ್ಟೋರ ಕಥೆ ನೆನಪಿದೆಯಾ, ನಾಳೆಗಿರ್ಲಿ ಅಂತ ಹೆಚ್ಚು ತುಂಬಿಟ್ಕೊಂಡ್ರು, ಬೆಳಗ್ಗೆ ನೋಡಿದ್ರೆ ಹುಳ ಬಿದ್ದು ನಾರ್ತಿತ್ತು. ಭಾನುವಾರ ಒಂದೇ ದಿನ ಇಡೀ ಜೆನೆಟಿಕ್ಸ್ ಮುಗಿಸ್ತೀನಿ ಅಂತ ಕೂತ ಪ್ರತಿ ಸಲ ನನಗೆ ಅದೇ ಆಗಿದ್ದು.

ಇನ್ನು ಪ್ರಾರ್ಥನೆ ಮಾಡಿದೀನಿ, ಪವಿತ್ರಾತ್ಮ ಎಕ್ಸಾಮ್ ಹಾಲಲ್ಲಿ ನೆನಪು ಮಾಡಿಸ್ತಾನೆ ಅನ್ನೋರಿಗೆ ಒಂದೇ ಮಾತು, ನೆನಪು ಮಾಡಿಸೋಕೆ ಮೊದಲು ಓದಿರ್ಬೇಕಲ್ಲ.

ಸ್ಟೆಪ್ 4: ವಾರಕ್ಕೊಂದು ದಿನ ಪುಸ್ತಕ ಮುಚ್ಚಿಡೋದು

ಇದೇ ಅತೀ ಕಷ್ಟದ್ದು, ಇದರ ಬಗ್ಗೆನೇ ನನಗೆ ಜಾಸ್ತಿ ಹೇಳೋಕಿರೋದು. ಪೂರ್ತಿ ಭಾನುವಾರ ಓದದೆ ಇರು ಅಂತ ಮೊದಲ ಸಲ ನಮ್ಮ ಪಾಸ್ಟರ್ ಹೇಳಿದಾಗ ನನಗೆ ಸಿಟ್ಟೇ ಬಂತು, ಇವರಿಗೆ ಕಾಂಪಿಟಿಷನ್ ಬಗ್ಗೆ ಏನ್ ಗೊತ್ತು ಅಂತ. ಆದ್ರೂ ಒಂದು ತಿಂಗಳು ಟ್ರೈ ಮಾಡೋಣ ಅಂತ ಶುರು ಮಾಡ್ದೆ. ಮೊದಲ ಎರಡು ಭಾನುವಾರ ನರಕ, ಆರಾಧನೆಲಿ ಕೂತು ಮನಸ್ಸಲ್ಲೇ ಪೀರಿಯಾಡಿಕ್ ಟೇಬಲ್ ಎಣಿಸ್ತಿದ್ದೆ. ಮೂರನೇ ವಾರದಿಂದ ಸೋಮವಾರ ಬೆಳಗ್ಗೆ ಕೂತ್ರೆ ತಲೆ ಒಗೆದು ಒಣಗಿಸಿದಂಗೆ.

ಹೇಗೆ ಮಾಡೋದು? ಆ ಮನ್ನದ ಕಥೆಲೇ ಉತ್ತರ ಇದೆ. ಆರನೇ ದಿನ ಎರಡು ಪಟ್ಟು ಕೂಡಿಸ್ಕೊಳ್ಳೋಕೆ ಹೇಳಿತ್ತು, ಅದು ಮಾತ್ರ ಹುಳ ಬೀಳ್ಲಿಲ್ಲ. ಅಂದ್ರೆ ರೆಸ್ಟ್ ತಾನಾಗೇ ಬರಲ್ಲ, ಹಿಂದಿನ ದಿನದ ತಯಾರಿ ಬೇಕು. ಶನಿವಾರ ಸಾಯಂಕಾಲ ನಾನು ಮೂರು ಕೆಲಸ ಮಾಡ್ತಿದ್ದೆ, ವಾರದ ತಪ್ಪುಗಳ ಪಟ್ಟಿ ಮುಗಿಸೋದು, ಸೋಮವಾರ ಮೊದಲು ತೆರೆಯೋ ಪುಟಕ್ಕೆ ಪೆನ್ಸಿಲ್ ಇಟ್ಟು ಮುಚ್ಚೋದು, ಟೇಬಲ್ ಮೇಲೆ ಒಂದು ಬಟ್ಟೆ ಹೊದಿಸೋದು. ಬಟ್ಟೆ ಯಾಕೆ ಅಂದ್ರೆ ಪುಸ್ತಕ ಕಣ್ಣಿಗೆ ಬಿದ್ರೆ ಕೈ ಹೋಗುತ್ತೆ ಅಷ್ಟೇ, ಅದರಲ್ಲಿ ದೈವಿಕ ಏನೂ ಇಲ್ಲ.

ಪೂರ್ತಿ ದಿನ ಆಗಲ್ಲ ಅಂದ್ರೆ ಭಾನುವಾರ ಬೆಳಗ್ಗಿಂದ ಸಾಯಂಕಾಲ ಐದರ ತನಕ ಬಿಡಿ. ಕೋಚಿಂಗ್‌ನವರು ಭಾನುವಾರಾನೇ ಮಾಕ್ ಟೆಸ್ಟ್ ಇಟ್ರೆ? ತುಂಬಾ ಕಡೆ ಇಡ್ತಾರೆ. ಮೊದಲು ಬೇರೆ ದಿನ ಬರೀಬಹುದಾ ಅಂತ ವಿನಯದಿಂದ ಕೇಳಿ, ಕೇಳದೇನೇ ಅರ್ಧ ಜನ ಸುಮ್ನಿರ್ತಾರೆ. ಆಗಲ್ಲ ಅಂದ್ರೆ ಮುಂಜಾನೆ ಅಥವಾ ಸಂಜೆ ಆರಾಧನೆಗೆ ಹೋಗಿ, ಇಲ್ಲಾಂದ್ರೆ ವಾರದ ಇನ್ನೊಂದು ಅರ್ಧ ದಿನಾನ ರೆಸ್ಟ್‌ಗೆ ಮೀಸಲಿಡಿ. ಶನಿವಾರವೇ ಸಬ್ಬತ್ (ದೇವರಿಗೆ ಮೀಸಲಾದ ವಿಶ್ರಾಂತಿ ದಿನ) ಅಂತ ಆಚರಿಸೋ ಸಭೆಗಳೋರಿಗೆ ಇದೇ ತಲೆನೋವು ಇನ್ನೊಂದು ದಿನ ಬರುತ್ತೆ, ಅವರು ಡೇಟ್ ಆರಿಸ್ಕೊಳ್ಳೋ ಅವಕಾಶ ಇರೋ ಪರೀಕ್ಷೆಗಳಲ್ಲಿ ಸಾಧ್ಯವಾದಷ್ಟು ಬೇಗ ರಿಜಿಸ್ಟರ್ ಮಾಡಿ ಬೇರೆ ದಿನ ಹಿಡಿಯೋದೊಂದೇ ದಾರಿ.

ನಿಜವಾದ ಎಕ್ಸಾಮೇ ಭಾನುವಾರ ಬಿದ್ರೆ? ಭಾರತದ ಮೆಡಿಕಲ್ ಎಂಟ್ರೆನ್ಸ್ ನೀಟ್ 2023ರಲ್ಲಿ ಮೇ 7, 2024ರಲ್ಲಿ ಮೇ 5, 2025ರಲ್ಲಿ ಮೇ 4, ಮೂರೂ ಭಾನುವಾರಾನೇ. ಇದಕ್ಕೆ ಮನಸ್ಸಾಕ್ಷಿ ಚುಚ್ಚಿಸ್ಕೊಂಡು ಅತ್ತೋರನ್ನ ನೋಡಿದೀನಿ. ಸಬ್ಬತ್ ದಿನ ಮನುಷ್ಯನಿಗೋಸ್ಕರ ಆಗಿದ್ದು ಅಂತ ಯೇಸುನೇ ಹೇಳಿದ್ದು ಮಾರ್ಕ 2:27ರಲ್ಲಿದೆ, ಅದೂ ಅಲ್ದೆ ಅವನ ಮೇಲೆ ಸಬ್ಬತ್ ವಿಷಯಕ್ಕೆ ಬಂದ ಜಗಳಗಳಲ್ಲಿ ಬಹುಪಾಲು ರೋಗಿಗಳನ್ನ ವಾಸಿ ಮಾಡಿದ್ದಕ್ಕೇ ಬಂದಿದ್ದು. ನಾಳೆ ಡಾಕ್ಟರ್ ಆದ್ಮೇಲೆ ಭಾನುವಾರ ಡ್ಯೂಟಿ ಇದ್ದೇ ಇರುತ್ತೆ, ಕ್ಯಾಶುವಾಲ್ಟಿಗೆ ವಾರದ ರಜೆ ಅಂತ ಇಲ್ಲ. ಪರೀಕ್ಷೆ ಮಧ್ಯಾಹ್ನ ಇದ್ರೆ ಹಿಂದಿನ ಸಂಜೆಯ ಆರಾಧನೆಗೆ ಹೋಗಿ, ನಿಶ್ಚಿಂತೆಯಿಂದ ಬರೀರಿ.

ಸ್ಟೆಪ್ 5: ಚರ್ಚಲ್ಲಿ ಇಲ್ಲ ಅನ್ನೋದು ಕಲೀರಿ

ಕ್ವಾಯರ್, ಸಂಡೇ ಸ್ಕೂಲ್, ಯೂತ್ ಮೀಟಿಂಗ್, ಮೈಕ್ ಸೆಟ್ಟು, ಕ್ರಿಸ್ಮಸ್ ನಾಟಕ, ಕೈಲಿ ಕೆಲಸ ಆಗುತ್ತೆ ಅಂತ ಗೊತ್ತಾದ ಹುಡುಗ ಹುಡುಗೀರ ಮೇಲೆ ಎಲ್ಲಾ ಬೀಳುತ್ತೆ. ಈ ವರ್ಷ ಒಂದೇ ಒಂದು ಇಟ್ಕೊಳ್ಳಿ. ಪೂರ್ತಿ ಬಿಡ್ಬೇಡಿ, ಪೂರ್ತಿ ಬಿಟ್ಟೋರು ಆಮೇಲೆ ಚರ್ಚಿಗೇ ಬರೋದು ಬಿಡ್ತಾರೆ, ಮುಜುಗರ ಆಗಿ. ನಾನು ಕ್ವಾಯರ್ ಬಿಟ್ಟು ಆರಾಧನೆ ಮುಗಿದ ಮೇಲೆ ಕುರ್ಚಿ ಜೋಡಿಸೋ ಕೆಲಸ ಇಟ್ಕೊಂಡೆ, ಇಪ್ಪತ್ತು ನಿಮಿಷ, ಪ್ರಾಕ್ಟೀಸ್ ಇಲ್ಲ, ಮಾತಾಡೋಕೆ ನಾಲ್ಕು ಜನ ಸಿಗ್ತಾರೆ.

ಹೇಳೋದು ಹೇಗೆ ಅಂದ್ರೆ ಡೇಟ್ ಇಟ್ಟು ಹೇಳಿ: ಎಕ್ಸಾಮ್ ಮುಗಿಯೋ ತನಕ ಆಗಲ್ಲ ಆಂಟಿ, ಮುಗಿದ ಮುಂದಿನ ಭಾನುವಾರದಿಂದ ಬರ್ತೀನಿ. ನೋಡೋಣ, ಟ್ರೈ ಮಾಡ್ತೀನಿ ಅಂದ್ರೆ ಅದು ಹೂಂ ಅಂತಾನೇ ಲೆಕ್ಕ, ಶುಕ್ರವಾರ ರಾತ್ರಿ ಫೋನ್ ಬಂದೇ ಬರುತ್ತೆ. ಮೋಶೆ ಬೆಳಗ್ಗಿಂದ ಸಾಯಂಕಾಲದವರೆಗೆ ಒಬ್ಬನೇ ನ್ಯಾಯ ತೀರಿಸ್ತಾ ಕೂತಿದ್ದಾಗ ಅವನ ಮಾವ ಬಂದು ಹೀಗಾದ್ರೆ ಸೊರಗಿ ಹೋಗ್ತೀಯ, ಕೆಲಸ ಹಂಚು ಅಂದಿದ್ದು ವಿಮೋಚನಕಾಂಡ 18ರಲ್ಲಿದೆ, ಯಾರಾದ್ರೂ ಬೇಜಾರು ಮಾಡ್ಕೊಂಡ್ರೆ ಆ ಅಧ್ಯಾಯ ತೋರಿಸಿ (ತೋರಿಸ್ಬೇಡಿ, ಜಗಳ ಆಗುತ್ತೆ, ಮನಸ್ಸಲ್ಲೇ ಇಟ್ಕೊಳ್ಳಿ).

ಮನೆಯೋರ ವಿಷ್ಯಾನೂ ಇಲ್ಲೇ ಹೇಳ್ಬಿಡ್ತೀನಿ. ದಿನಕ್ಕೊಂದು ಹೊತ್ತಿನ ಊಟ ಪುಸ್ತಕ, ಫೋನ್ ಎರಡೂ ಇಲ್ದೆ ಮನೆಯೋರ ಜೊತೆ. ಕುಟುಂಬ ಪ್ರಾರ್ಥನೆ ಇದ್ರೆ ಅದಕ್ಕೆ ಕೂತ್ಕೊಳ್ಳಿ, ಅದು ಮುಕ್ಕಾಲು ಗಂಟೆ ಎಳೆಯೋ ಮನೆ ಆದ್ರೆ ಅಪ್ಪನ ಹತ್ರ ಮೊದಲೇ ಮಾತಾಡಿ ಹದಿನೈದು ನಿಮಿಷಕ್ಕೆ ಒಪ್ಪಿಸಿ.

ಸ್ಟೆಪ್ 6: ಮೈನ ಕಡೆಗಣಿಸ್ಬೇಡಿ

ಪ್ರವಾದಿ ಎಲೀಯನ ಕಥೆ, 1 ಅರಸು 19. ಸಾಕಾಗಿದೆ, ಸತ್ತೋದ್ರೆ ಸಾಕು ಅಂತ ಗಿಡದ ಕೆಳಗೆ ಬಿದ್ಕೊಂಡಿದ್ದ. ದೇವದೂತ ಬಂದು ಉಪದೇಶ ಮಾಡ್ಲಿಲ್ಲ, ಎದ್ದು ತಿನ್ನು ಅಂದ. ತಿಂದ, ಮತ್ತೆ ಮಲಗ್ದ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸ್ದ. ಮಾತುಕತೆ ಎಲ್ಲಾ ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ್ಮೇಲೆ. ನನ್ನ ಪ್ರಕಾರ ಎಂಟ್ರೆನ್ಸ್ ಓದೋರೆಲ್ಲಾ ಈ ಅಧ್ಯಾಯ ತಿಂಗಳಿಗೊಂದ್ಸಲ ಓದ್ಬೇಕು. ಕೀರ್ತನೆ 127ರಲ್ಲೂ ಅಷ್ಟೇ, ಬೇಗ ಎದ್ದು ತಡವಾಗಿ ಮಲಗಿ ಕಷ್ಟಪಟ್ಟು ಉಣ್ಣೋದು ವ್ಯರ್ಥ ಅಂತ ನೇರವಾಗೇ ಇದೆ. ಹಗಲು ಓದಿದ್ದು ಗಟ್ಟಿ ಆಗೋದೇ ನಿದ್ದೆಲಿ, ಇದು ನ್ಯೂರೋಸೈನ್ಸ್‌ನೋರು ಹೇಳೋ ಮಾತು, ಮಲಗದೆ ಓದೋದು ಸೋರೋ ಕೊಡಕ್ಕೆ ನೀರು ಹೊತ್ತಂಗೆ.

ಉಪವಾಸ: ಪರೀಕ್ಷೆಗೋಸ್ಕರ 21 ದಿನ, 40 ದಿನ ಉಪವಾಸ ಹಿಡಿಯೋರು ಇದ್ದಾರೆ. ನಾನು ಮೂರು ದಿನ ಹಿಡ್ದೆ, ಎರಡನೇ ದಿನ ಮಧ್ಯಾಹ್ನ ಟೆಸ್ಟಲ್ಲಿ ಒಂದೇ ಪ್ರಶ್ನೆನ ಐದು ಸಲ ಓದಿ ಏನು ಕೇಳಿದಾರೆ ಅಂತಾನೇ ತಿಳೀಲಿಲ್ಲ. ಮೆದುಳಿನ ಮುಖ್ಯ ಇಂಧನ ಗ್ಲೂಕೋಸ್ ಅಂತ ಬಯಾಲಜಿಲಿ ಬರೆದು ಮಾರ್ಕ್ಸ್ ತಗೊಳ್ತೀವಿ, ನಮಗೇ ಅಪ್ಲೈ ಮಾಡ್ಕೊಳ್ಳಲ್ಲ. ಶ್ರಮೆಯ ದಿನಗಳಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲದಲ್ಲಿ, ಫೋನ್ ಉಪವಾಸ ಮಾಡಿ, ರೀಲ್ಸ್ ಉಪವಾಸ ಮಾಡಿ, ಅದೇ ಹೆಚ್ಚು ನೋವಾಗುತ್ತೆ ನೋಡಿ. ಶುಗರ್ ಇರೋರು, ಮಾತ್ರೆ ತಗೊಳ್ಳೋರು, ಊಟದ ಜೊತೆ ಮೊದಲೇ ಜಗಳ ಇರೋರು ಊಟ ಬಿಡೋ ಉಪವಾಸಕ್ಕೆ ಕೈ ಹಾಕೋದೇ ಬೇಡ.

ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಬರ್ತಿಲ್ಲ, ಯಾವ್ದ್ರಲ್ಲೂ ಆಸಕ್ತಿ ಇಲ್ಲ, ಬದುಕೋದೇ ಬೇಡ ಅನ್ಸುತ್ತೆ ಅಂದ್ರೆ ಅದು ವಿಶ್ವಾಸ ಕಮ್ಮಿ ಆಗಿರೋದಲ್ಲ. ಡಾಕ್ಟರ್ ಅಥವಾ ಕೌನ್ಸೆಲರ್ ಹತ್ರ ಹೋಗಿ, ಸಾಯೋ ಯೋಚನೆ ಬಂದ್ರೆ ಎರಡು ವಾರ ಕಾಯೋದೂ ಬೇಡ, ಅವತ್ತೇ ಹತ್ತಿರದೋರಿಗೆ ಹೇಳಿ. ಪಾಸ್ಟರ್ ಹತ್ರಾನೂ ಹೋಗಿ, ಆದ್ರೆ ಪ್ರಾರ್ಥನೆ ಸಾಕು ಡಾಕ್ಟರ್ ಬೇಡ ಅಂತ ಯಾರಾದ್ರೂ ಹೇಳಿದ್ರೆ, ನೀವು ಏನಾಗೋಕೆ ಓದ್ತಿದೀರ ಅಂತ ಒಂದ್ಸಲ ನೆನಪಿಸ್ಕೊಳ್ಳಿ.

ಸ್ಟೆಪ್ 7: ದೇವರ ಜೊತೆ ಚೌಕಾಸಿ ನಿಲ್ಲಿಸಿ

ನನ್ನ ಹತ್ರ ಒಂದು ಚಿಕ್ಕ ಡೈರಿ ಇತ್ತು, ಹಿಂದಿನ ಪುಟದಿಂದ ಬರೀತಾ ಬಂದಿದ್ದೆ. ಸೀಟ್ ಸಿಕ್ರೆ ಮೊದಲ ಸಂಬಳ ಪೂರ್ತಿ ಕಾಣಿಕೆ. ಸರ್ಕಾರಿ ಸೀಟ್ ಸಿಕ್ರೆ ಐದು ವರ್ಷ ಮಿಷನ್ ಆಸ್ಪತ್ರೆ. ಒಳ್ಳೆ ರ‍್ಯಾಂಕ್ ಬಂದ್ರೆ ಮದುವೆನೇ ಆಗಲ್ಲ (ಇದನ್ನ ಬರೆದಿದ್ದು ಒಂದು ಕೆಟ್ಟ ಮಾಕ್ ಟೆಸ್ಟ್ ದಿನ, ದೇವರು ಸೀರಿಯಸ್ಸಾಗಿ ತಗೊಂಡಿಲ್ಲ ಅನ್ಕೋತೀನಿ). ಮೊದಲನೇ ಅಟೆಂಪ್ಟ್ ಹೋದಾಗ ಆ ಡೈರಿ ನೋಡಿ ನನಗೆ ಬಂದ ಸಿಟ್ಟು ಇದೆಯಲ್ಲ, ಇಷ್ಟೆಲ್ಲಾ ಕೊಡ್ತೀನಿ ಅಂದ್ರೂ ಒಪ್ಲಿಲ್ವಲ್ಲ ಅಂತ, ಅಂಗಡಿಯೋನ ಮೇಲೆ ಬರೋ ಥರದ ಸಿಟ್ಟು.

ಹರಕೆ ಹೊತ್ಕೊಳ್ಳೋದಕ್ಕಿಂತ ಮೊದಲು ಪ್ರಸಂಗಿ 5 ಓದಿ, ಹರಕೆ ಹೊತ್ತು ತೀರಿಸ್ದೆ ಇರೋದಕ್ಕಿಂತ ಹೊರದೆ ಇರೋದೇ ಮೇಲು ಅಂತಿದೆ. ಆತುರದಲ್ಲಿ ಮಾತು ಕೊಟ್ಟು ಮನೆ ಹಾಳ್ಮಾಡ್ಕೊಂಡ ಯೆಫ್ತಾಹನ ಕಥೆ ನ್ಯಾಯಸ್ಥಾಪಕರು 11ರಲ್ಲಿದೆ. ನಾನೇನು ಮಾಡ್ದೆ ಅಂದ್ರೆ ಆ ಡೈರಿನ ಪಾಸ್ಟರ್ ಹತ್ರ ತಗೊಂಡೋಗಿ ಓದ್ದೆ, ಅವರು ನಕ್ಕು, ಇದರಲ್ಲಿ ಸೀಟ್ ಸಿಗದೇ ಇದ್ರೂ ಮಾಡ್ಬಹುದಾದ್ದು ಯಾವ್ದಿದೆ ಅಂತ ಕೇಳಿದ್ರು. ಒಂದೇ ಒಂದು ಇತ್ತು, ಪಕ್ಕದ ಮನೆ ಮಗುಗೆ ವಾರಕ್ಕೊಂದು ಗಂಟೆ ಗಣಿತ ಹೇಳ್ಕೊಡೋದು. ಅದನ್ನ ಆ ವಾರದಿಂದಾನೇ ಶುರು ಮಾಡ್ದೆ, ಉಳಿದಿದ್ದನ್ನ ಹೊಡೆದು ಹಾಕ್ದೆ.

ಇದರ ಇನ್ನೊಂದು ಮುಖ ಕರೆ, ಅಂದ್ರೆ ದೇವರೇ ನನ್ನನ್ನ ಡಾಕ್ಟರ್ ಆಗೋಕೆ ಕರೆದಿದಾನೆ ಅನ್ನೋದು. ಅಮೆರಿಕನ್ ಮಿಷನರಿ ಡಾಕ್ಟರ್ ಐಡಾ ಸ್ಕಡರ್ ಕಥೆ ಎಲ್ಲಾ ಯೂತ್ ಕ್ಯಾಂಪಲ್ಲೂ ಹೇಳ್ತಾರೆ, ಒಂದೇ ರಾತ್ರಿ ಮೂರು ಮನೆಯಿಂದ ಗಂಡಸರು ಬಂದು ಹೆರಿಗೆ ನೋವಲ್ಲಿರೋ ಹೆಂಡತಿಗೆ ಸಹಾಯ ಬೇಕು ಅಂದ್ರು, ಡಾಕ್ಟರಾಗಿದ್ದ ಅವಳಪ್ಪ ಬರ್ತಾರೆ ಅಂದ್ರೆ ಗಂಡಸು ಬೇಡ ಅಂದ್ರು, ಮೂರೂ ಹೆಂಗಸರು ಸತ್ತರು, ಮಿಷನರಿ ಆಗಲ್ಲ ಅಂತಿದ್ದ ಹುಡುಗಿ ಮೆಡಿಸಿನ್ ಓದಿ 1900ರಲ್ಲಿ ಭಾರತಕ್ಕೆ ವಾಪಸ್ ಬಂದು ವೆಲ್ಲೂರಲ್ಲಿ ಕೆಲಸ ಶುರು ಮಾಡಿದ್ಳು. ಕಥೆ ನಿಜ, ಆದ್ರೆ ಅಂಥ ರಾತ್ರಿ ಎಲ್ಲರಿಗೂ ಬರಲ್ಲ. ನನಗೆ ಬಂದಿಲ್ಲ. ಆಲ್ಬರ್ಟ್ ಶ್ವೈಟ್ಜರ್ ದೇವತಾಶಾಸ್ತ್ರ ಪಾಠ ಮಾಡ್ತಿದ್ದೋರು 1905ರಲ್ಲಿ, ಮೂವತ್ತನೇ ವಯಸ್ಸಲ್ಲಿ ಮೆಡಿಸಿನ್ ಓದೋಕೆ ಕೂತಿದ್ದು, ಆಫ್ರಿಕಾದ ಲಾಂಬರೆನೆಗೆ ಹೋಗಿದ್ದು 1913ರಲ್ಲಿ. ಕರೆ ನಿಜವೇ ಆಗಿದ್ರೆ ಒಂದು ವರ್ಷ ತಡ ಆದ್ರೆ ಓಡಿ ಹೋಗಲ್ಲ.

ಸ್ಟೆಪ್ 8: ಪಾಠಕ್ಕೂ ವಿಶ್ವಾಸಕ್ಕೂ ಜಗಳ ಬಂದಾಗ

ವಿಕಾಸವಾದದ ಚಾಪ್ಟರ್ ಬರುತ್ತೆ, ಕೆಲವರು ಅದನ್ನ ನಂಬಲ್ಲ ಅಂತ ಓದೋದೇ ಇಲ್ಲ, ಇನ್ನು ಕೆಲವರು ಓದಿ ಗಾಬರಿ ಆಗಿ ಬೈಬಲ್ಲೇ ಪಕ್ಕಕ್ಕಿಡ್ತಾರೆ. ಎರಡೂ ಅವಸರ. ದಾನಿಯೇಲ 1 ನೋಡಿ, ಬಾಬೆಲಲ್ಲಿ ಆ ಹುಡುಗರಿಗೆ ಮೂರು ವರ್ಷದ ಕೋರ್ಸು, ಕಸ್ದೀಯರ ಭಾಷೆ, ಸಾಹಿತ್ಯ, ಎಲ್ಲಾ ಪರದೇಶದ ವಿದ್ಯೆ. ಚೆನ್ನಾಗೇ ಕಲಿತ್ರು. ಅವರಲ್ಲೊಬ್ಬ ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರೋದನ್ನೂ ಬಿಡ್ಲಿಲ್ಲ, ಅದು 6ನೇ ಅಧ್ಯಾಯದಲ್ಲಿದೆ.

ಪುಸ್ತಕದಲ್ಲಿ ಬರೋ ಹೆಸರುಗಳನ್ನೇ ನೋಡಿ. ಬಟಾಣಿ ಗಿಡದ ಮೆಂಡಲ್ ಅಗಸ್ಟಿನಿಯನ್ ಸನ್ಯಾಸಿ. ಕಿವಿ ಹತ್ರ ಇರೋ ಪರೋಟಿಡ್ ಅನ್ನೋ ಜೊಲ್ಲು ಗ್ರಂಥಿಯ ನಾಳಕ್ಕೆ ಸ್ಟೆನ್ಸನ್ಸ್ ಡಕ್ಟ್ ಅಂತೀವಲ್ಲ, ಆ ನೀಲ್ಸ್ ಸ್ಟೆನ್ಸನ್ ಅದನ್ನ 1660ರಲ್ಲಿ ಕುರಿಯ ತಲೆ ಕೊಯ್ಯುವಾಗ ಕಂಡಿದ್ದು, ಆಮೇಲೆ ಬಿಷಪ್ ಆದ, 1988ರಲ್ಲಿ ಕ್ಯಾಥೊಲಿಕ್ ಸಭೆ ಅವನನ್ನ ಧನ್ಯ ಅಂತ ಘೋಷಿಸ್ತು. ವಿಕಾಸವಾದದ ಬೆಳಕಿಲ್ದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥ ಇಲ್ಲ ಅಂತ 1973ರಲ್ಲಿ ಬರೆದ ಜೀವವಿಜ್ಞಾನಿ ಡೊಬ್ಜಾನ್ಸ್ಕಿನೂ ಕ್ರೈಸ್ತನೇ. ಕ್ರೈಸ್ತರಲ್ಲೇ ಈ ವಿಷಯಕ್ಕೆ ಬೇರೆ ಬೇರೆ ನಿಲುವಿದೆ, ನಿಮ್ಮ ನಿಲುವು ಏನೇ ಇರ್ಲಿ ಪಾಠ ಪೂರ್ತಿ ಕಲೀರಿ, ಪ್ರಶ್ನೆಗಳನ್ನ ಒಂದು ಹಾಳೇಲಿ ಬರೆದಿಡಿ, ಎಕ್ಸಾಮ್ ಆದ್ಮೇಲೆ ನಿಧಾನವಾಗಿ ತಿಳಿದೋರ ಹತ್ರ ಕೂತು ಮಾತಾಡಿ. ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಆದಿಕಾಂಡದ ಮೇಲೆ ಕಾಮೆಂಟ್ ಯುದ್ಧ ಬೇಡ, ನಾನು ಮಾಡಿ ಎರಡು ರಾತ್ರಿ ಕಳ್ಕೊಂಡಿದೀನಿ.

ಸ್ಟೆಪ್ 9: ಹೊಟ್ಟೆಕಿಚ್ಚು, ಅಡ್ಡದಾರಿ

ಚಿಕ್ಕ ಸ್ಟೆಪ್. ನಿಮ್ಮ ಪ್ರಾರ್ಥನೆ ಗುಂಪಲ್ಲೇ ಇರೋ ಗೆಳೆಯನಿಗೆ ನಿಮಗಿಂತ ಜಾಸ್ತಿ ಬರುತ್ತೆ. ಉರಿಯುತ್ತೆ. ಅವನಿಗೆ ಅರ್ಥ ಆಗದ ಒಂದು ಟಾಪಿಕ್ ಹೇಳ್ಕೊಡಿ, ಉರಿ ಪೂರ್ತಿ ಹೋಗಲ್ಲ, ಅರ್ಧ ಹೋಗುತ್ತೆ, ಜೊತೆಗೆ ಟಾಪಿಕ್ ನಿಮಗೇ ಗಟ್ಟಿ ಆಗುತ್ತೆ. ಪೇಪರ್ ಲೀಕ್ ಆಗಿದೆ ದುಡ್ಡು ಕೊಡು ಅನ್ನೋ ಮೆಸೇಜು, ಸುಳ್ಳು ಸರ್ಟಿಫಿಕೇಟು, ಮಾಡದೆ ಇರೋ ಸ್ವಯಂಸೇವೆಗೆ ಲೆಟರು, ಇದರ ಬಗ್ಗೆ ಪ್ರಾರ್ಥನೆ ಮಾಡಿ ತೀರ್ಮಾನ ಮಾಡ್ತೀನಿ ಅನ್ನೋರೂ ಇದ್ದಾರೆ. ಪ್ರಾರ್ಥನೆ ಬೇಡ, ಡಿಲೀಟ್ ಮಾಡಿ ಸಾಕು.

ಸ್ಟೆಪ್ 10: ಆಸ್ಪತ್ರೆ, ಇಂಟರ್ವ್ಯೂ, ಅಪ್ಲಿಕೇಶನ್ ಪ್ರಬಂಧ

ಎಲ್ಲಾ ಕಡೆ ಇದು ಇರಲ್ಲ, ಕೆಲವು ದೇಶಗಳಲ್ಲಿ ಬರೀ ಮಾರ್ಕ್ಸ್ ನೋಡ್ತಾರೆ, ಕೆಲವು ಕಡೆ ಪ್ರಬಂಧ ಬರೆಸ್ತಾರೆ, ಇಂಟರ್ವ್ಯೂ ಮಾಡ್ತಾರೆ. ನಿಮ್ಮ ವಿಶ್ವಾಸ ಬಚ್ಚಿಡೋದೂ ಬೇಡ, ಅದರ ಮೇಲೆ ಭಾಷಣಾನೂ ಬೇಡ. ದೇವರು ನನ್ನನ್ನ ಕರೆದಿದಾನೆ ಅಂತ ಬರೆದ್ರೆ ಓದೋರಿಗೆ ಏನೂ ತಿಳಿಯಲ್ಲ. ಆರು ತಿಂಗಳು ಶನಿವಾರ ಸಂಜೆ ಹಾಸಿಗೆ ಹಿಡಿದ ಒಬ್ಬ ಅಜ್ಜನಿಗೆ ಪೇಪರ್ ಓದಿ ಹೇಳ್ತಿದ್ದೆ, ಅವರಿಗೆ ಎಡಗಡೆಯಿಂದ ಮಾತಾಡಿದ್ರೆ ಕೇಳ್ತಿರ್ಲಿಲ್ಲ, ಕುರ್ಚಿ ಬಲಕ್ಕೆ ಹಾಕ್ಕೊಳ್ಳೋದು ಕಲಿತೆ ಅಂತ ಬರೀರಿ, ಅದ್ರಲ್ಲಿ ಎಲ್ಲಾ ಬಂತು.

ಆಸ್ಪತ್ರೆಲಿ ವಾಲಂಟಿಯರ್ ಆಗಿ ಹೋದ್ರೆ ರೋಗಿ ಕೇಳದೆ ಪ್ರಾರ್ಥನೆ ಮಾಡೋಕೆ ಹೋಗ್ಬೇಡಿ. ಹಾಸಿಗೆ ಮೇಲಿರೋ ಮನುಷ್ಯ ಎದ್ದು ಹೋಗೋಕಾಗಲ್ಲ, ಬೇಡ ಅನ್ನೋಕೂ ಹೆದರ್ತಾನೆ. ಅವರಾಗೇ ಕೇಳಿದ್ರೆ ಅಲ್ಲಿನ ಸ್ಟಾಫ್‌ಗೆ ತಿಳಿಸಿ, ಆಸ್ಪತ್ರೆಗೆ ಚಾಪ್ಲಿನ್ (ರೋಗಿಗಳ ಜೊತೆ ಪ್ರಾರ್ಥನೆ ಮಾಡೋ ಪಾದ್ರಿ) ಇದ್ರೆ ಕರೆಸಿ. ನೀವು ಒಂದು ಲೋಟ ನೀರು ಕೊಡಿ, ಅವರ ಹೆಸರು ನೆನಪಿಟ್ಕೊಳ್ಳಿ. ಪೌಲನ ಜೊತೆಗಿದ್ದ ಲೂಕನನ್ನ ಕೊಲೊಸ್ಸೆ 4:14ರಲ್ಲಿ ಪ್ರಿಯ ವೈದ್ಯ ಅಂದಿದೆ, ನಮ್ಮ ಕನ್ನಡದಲ್ಲಿ ಪ್ರಿಯ ಅನ್ನೋದು ಮೊದಲು ಬಂದಿದೆ.

ಸ್ಟೆಪ್ 11: ಪರೀಕ್ಷೆಯ ಹಿಂದಿನ ದಿನ, ಆ ದಿನ

ಹಿಂದಿನ ದಿನ ಪ್ರಾರ್ಥನೆ ಮಾಡ್ತೀವಿ ಬಾ ಅಂತ ಹತ್ತು ಮನೆಯೋರು ಕರೀತಾರೆ, ಒಂದು ಕಡೆ ಹೋಗಿ, ಉಳಿದೋರಿಗೆ ನೀವೇ ಮಾಡಿ ಆಂಟಿ ಅಂತ ಹೇಳಿ ಬೇಗ ಮಲಗಿ. ಕುತ್ತಿಗೆಲಿ ಶಿಲುಬೆ, ಜಪಮಾಲೆ ಇದ್ರೆ ಎಕ್ಸಾಮ್ ನಿಯಮ ಮೊದಲೇ ಓದ್ಕೊಳ್ಳಿ, ಲೋಹದ್ದು ಏನೂ ಒಳಗೆ ಬಿಡದೆ ಇರೋ ಪರೀಕ್ಷೆಗಳಿವೆ, ಗೇಟಲ್ಲಿ ಬಿಚ್ಚಿಸಿದ್ರೆ ಮನಸ್ಸು ಕಲಕುತ್ತೆ, ಮನೇಲೇ ಬಿಚ್ಚಿ ಅಮ್ಮನ ಕೈಗೆ ಕೊಡಿ. ಹಾಲಲ್ಲಿ ಪೇಪರ್ ಕೈಗೆ ಬಂದ್ಮೇಲೆ ಉದ್ದ ಪ್ರಾರ್ಥನೆ ಬೇಡ, ಉಸಿರು ಒಳಗೆ ತಗೊಳ್ಳುವಾಗ ಕರ್ತನೇ, ಬಿಡುವಾಗ ಜೊತೆಗಿರು, ಮೂರು ಸಲ, ಹದಿನೈದು ಸೆಕೆಂಡ್. ಮಧ್ಯದಲ್ಲಿ ಗಾಬರಿ ಆದ್ರೂ ಅದೇ. ನೆಗೆಟಿವ್ ಮಾರ್ಕಿಂಗ್ ಇರೋ ಕಡೆ, ದೇವರು ತೋರಿಸಿದ ಆಪ್ಷನ್ ಅಂತ ಕಣ್ಣು ಮುಚ್ಚಿ ಬಿ ಒತ್ತೋ ಕೆಲಸ ಮಾಡ್ಬೇಡಿ, ನನಗೆ ಅದರಿಂದ ಹನ್ನೊಂದು ಮಾರ್ಕ್ಸ್ ಕಟ್ ಆಗಿದೆ.

ಸ್ಟೆಪ್ 12: ರಿಸಲ್ಟ್

ಸಿಕ್ಕಿದ್ರೆ ಸಾಕ್ಷಿ ಹೇಳು ಅಂತ ಮುಂದೆ ಕರೀತಾರೆ. ಹೇಳಿ, ಆದ್ರೆ ಹಿಂದಿನ ಸಾಲಲ್ಲಿ ಅಷ್ಟೇ ಪ್ರಾರ್ಥನೆ ಮಾಡಿ ಸೀಟ್ ಸಿಗದೆ ಕೂತಿರೋ ಒಬ್ಬ ಇರ್ತಾನೆ ಅನ್ನೋದು ನೆನಪಲ್ಲಿಟ್ಟು ಮಾತಾಡಿ. ನಾನು ಪ್ರಾರ್ಥನೆ ಮಾಡ್ದೆ, ಅದಕ್ಕೇ ಸಿಕ್ತು ಅಂದ್ರೆ ಅವನಿಗೆ ಏನು ಕೇಳಿಸುತ್ತೆ ಯೋಚಿಸಿ.

ಸಿಗದಿದ್ರೆ, ಎರಡು ವಾರ ಮುಂದಿನ ವರ್ಷದ ಬಗ್ಗೆ ತೀರ್ಮಾನ ಮಾಡ್ಬೇಡಿ. ಮೆಂಡಲ್ 1850ರಲ್ಲಿ ಟೀಚರ್ ಆಗೋ ಪರೀಕ್ಷೆಲಿ ಫೇಲ್, 1856ರಲ್ಲಿ ಮತ್ತೆ ಕೂತು ಆಗ್ಲೂ ಪಾಸ್ ಆಗ್ಲಿಲ್ಲ, ಆ ಸರ್ಟಿಫಿಕೇಟ್ ಅವನಿಗೆ ಕೊನೆಗೂ ಸಿಗ್ಲೇ ಇಲ್ಲ, ಆದ್ರೆ ಅವನ ಬಟಾಣಿ ಲೆಕ್ಕ ನಾವೆಲ್ಲಾ ಬಾಯಿಪಾಠ ಮಾಡ್ತಿದೀವಿ. ಎರಡು ವಾರ ಆದ್ಮೇಲೆ ಮತ್ತೆ ಬರೀಬೇಕು ಅನ್ಸಿದ್ರೆ ಸ್ಟೆಪ್ 1ರಿಂದ, ಅದೇ ನೋಟ್‌ಬುಕ್, 168 ಗಂಟೆ. ಬೇರೆ ಕೋರ್ಸ್ ತಗೋಬೇಕು ಅನ್ಸಿದ್ರೆ ಅದನ್ನೂ ತಲೆ ತಗ್ಗಿಸದೆ ತಗೊಳ್ಳಿ, ವಾಸಿ ಮಾಡೋ ಕೆಲಸಕ್ಕೆ ನರ್ಸ್, ಲ್ಯಾಬು, ಫಾರ್ಮಸಿ, ಫಿಸಿಯೋಥೆರಪಿ ಎಲ್ಲಾನೂ ಬೇಕು.

ನನ್ನ ಮೊದಲನೇ ರಿಸಲ್ಟ್ ಬಂದ ಭಾನುವಾರ ಚರ್ಚಲ್ಲಿ ಎಲ್ಲರೂ ಒಂದೊಂದು ವಚನ ಹೇಳಿದ್ರು, ದೇವರ ಯೋಜನೆ ಬೇರೆ ಇದೆ, ಎಲ್ಲಾ ಒಳ್ಳೇದಕ್ಕೇ ಅಂತ. ಒಂದೂ ನೆನಪಿಲ್ಲ. ಕುರ್ಚಿ ಮಡಚುವಾಗ ಒಬ್ಬ ವಯಸ್ಸಾದ ಆಂಟಿ ಪಕ್ಕ ಬಂದು ನಿಂತು, ಬೆಳಗ್ಗಿಂದ ಏನಾದ್ರೂ ತಿಂದ್ಯಾ ಅಂತ ಕೇಳಿದ್ರು. ತಿಂದಿರ್ಲಿಲ್ಲ.